ಸಂಬಳವಿಲ್ಲದ ನೌಕರಿಗೂ ವಜಾ

2021ರ ಸೆಪ್ಟೆಂಬರ್ 3ರಂದು ಷಿಕಾಗೊದ ಎಂಬತ್ತಕ್ಕೂ ಹೆಚ್ಚು ಮಂದಿಗೆ ಒಂದು ಇಮೇಲ್ ಬಂತು. ಅವರಲ್ಲಿ ಹೆಚ್ಚಿನವರು ವಯಸ್ಸಾದ ಹೆಂಗಸರು. ಕಳಿಸಿದ್ದು ಆ ಊರಿನ ಹೆಮ್ಮೆಯ ಕಲಾ ಸಂಗ್ರಹಾಲಯ, ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಷಿಕಾಗೊ. ಶಾಲಾ ಮಕ್ಕಳಿಗೆ ಚಿತ್ರ ತೋರಿಸಿ ಮಾತಾಡಿಸುವ ನಿಮ್ಮ ಕೆಲಸ ಇನ್ನು ಮುಂದೆ ಬೇಕಿಲ್ಲ, ಈ ವ್ಯವಸ್ಥೆಯನ್ನು ಬುಡದಿಂದ ಕಟ್ಟಬೇಕೆಂದಿದ್ದೇವೆ, ಇಷ್ಟು ದಿನ ದುಡಿದದ್ದಕ್ಕೆ ಧನ್ಯವಾದ ಎಂಬುದು ಪತ್ರದ ಒಟ್ಟು ಸಾರಾಂಶ. ಜೊತೆಗೆ ಎರಡು ವರ್ಷದ ಉಚಿತ ಸದಸ್ಯತ್ವ.

ಇವರಿಗೆ ಯಾರಿಗೂ ಸಂಬಳ ಇರಲಿಲ್ಲ. ಹೋಗಿಬರುವ ಖರ್ಚೂ ಅವರದೇ, ಓದಿಗೆ ಹಿಡಿದ ಹೊತ್ತೂ ಅವರದೇ. ಹಾಗಿದ್ದ ಮೇಲೆ ಕಳೆದುಕೊಂಡದ್ದಾದರೂ ಏನು ಎಂದು ಯಾರಾದರೂ ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ‘ಷಿಕಾಗೊ ಟ್ರಿಬ್ಯೂನ್’ ಸಂಪಾದಕೀಯ ಬರೆದು ಮ್ಯೂಸಿಯಂ ನಾಚಿಕೊಳ್ಳಬೇಕು ಎಂದಿತು. ಮ್ಯೂಸಿಯಂ ಆಡಳಿತ ಮಂಡಳಿಯ ಅಧ್ಯಕ್ಷರು ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಊರಿನ ಜಗಳ ಕೆಲವೇ ವಾರಗಳಲ್ಲಿ ದೇಶದ ಜಗಳವಾಯಿತು.

ಆ ಸ್ವಯಂಸೇವಕರನ್ನು ಅಲ್ಲಿ ಡೋಸೆಂಟ್ ಎನ್ನುತ್ತಾರೆ. ನಮ್ಮಲ್ಲಿ ಸ್ವಯಂಸೇವಕ ಎಂದರೆ ಸಮ್ಮೇಳನದ ಬ್ಯಾಡ್ಜ್ ಹಾಕಿಕೊಂಡು ಊಟದ ಸಾಲು ಸರಿಪಡಿಸುವವರು ನೆನಪಾಗುತ್ತಾರೆ. ಷಿಕಾಗೊದ ಡೋಸೆಂಟುಗಳದು ಬೇರೆಯೇ ಕತೆ. ತಮ್ಮನ್ನು ಬಿಡಿಸಿದ ಮೇಲೆ ಅವರು ಬರೆದ ಪತ್ರದಲ್ಲಿ ತರಬೇತಿಯ ವಿವರವಿತ್ತು. ವಾರಕ್ಕೆ ಎರಡು ತರಗತಿಯಂತೆ ಹದಿನೆಂಟು ತಿಂಗಳು. ಅದಾದ ಮೇಲೆ ಐದು ವರ್ಷ ಸಂಗ್ರಹದ ಬೇರೆ ಬೇರೆ ವಿಭಾಗಗಳ ಬಗ್ಗೆ ಓದು, ಬರಹ. ಅದರಾಚೆಗೂ ತಿಂಗಳು ತಿಂಗಳು ಪಾಠ. ಸರಾಸರಿ ಹದಿನೈದು ವರ್ಷ ಅವರು ಅಲ್ಲಿ ಸೇವೆ ಮಾಡಿದ್ದರು. ನಮ್ಮ ಎಷ್ಟೋ ಎಂ.ಎ. ಪದವಿಗಳಿಗೆ ಇದರ ಅರ್ಧದಷ್ಟು ಓದೂ ಬೇಡ.

ವ್ಯವಸ್ಥೆ ಶುರುವಾದದ್ದು 1961ರಲ್ಲಿ. ಅಮೆರಿಕದ ಮಟ್ಟಿಗೆ ಇದರ ಬೇರು ಇನ್ನೂ ಹಿಂದಕ್ಕೆ, ಬಾಸ್ಟನ್‌ಗೆ ಹೋಗುತ್ತದೆ. ಅಲ್ಲಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1907ರಲ್ಲಿ ಡೋಸೆಂಟುಗಳನ್ನು ಗ್ಯಾಲರಿಗೆ ತಂದರು. ಗಿಲ್ಮನ್ ವಿಚಿತ್ರ ಕುತೂಹಲದ ಮನುಷ್ಯ. ಮ್ಯೂಸಿಯಂ ನೋಡಿ ಬಂದವರಿಗೆ ಯಾಕೆ ಹಾಗೆ ಸೊಂಟ ಹಿಡಿಯುತ್ತದೆ, ತಲೆ ಭಾರವಾಗುತ್ತದೆ ಎಂದು ತಲೆ ಕೆಡಿಸಿಕೊಂಡವರು. ಒಬ್ಬ ವ್ಯಕ್ತಿಯನ್ನು ಗಾಜಿನ ಕಪಾಟುಗಳ ಮುಂದೆ ಬಗ್ಗಿಸಿ, ಕುಕ್ಕರಗಾಲಲ್ಲಿ ಕೂರಿಸಿ, ಕತ್ತು ಚಾಚಿಸಿ ಫೋಟೊ ತೆಗೆಸಿ 1916ರಲ್ಲಿ ‘ಮ್ಯೂಸಿಯಂ ಆಯಾಸ’ದ ಬಗ್ಗೆ ಲೇಖನವನ್ನೇ ಪ್ರಕಟಿಸಿದರು. ನೋಡುಗನ ಮೈಗೆ ಆಗುವ ಕಷ್ಟವನ್ನು ಚಿತ್ರ ಸಮೇತ ಒಪ್ಪಿಕೊಂಡ ಮೊದಲಿಗರಲ್ಲಿ ಅವರೊಬ್ಬರು. ಇದರ ಮರುವರ್ಷ, 1917ರಲ್ಲಿ, ಅದೇ ಮ್ಯೂಸಿಯಂಗೆ ಭಾರತೀಯ ಕಲೆಯ ಹೊಣೆ ಹೊತ್ತು ಬಂದವರು ಆನಂದ ಕುಮಾರಸ್ವಾಮಿ.

ಷಿಕಾಗೊದ ಮ್ಯೂಸಿಯಂ ಕನ್ನಡಿಗರಿಗೆ ಅಪರಿಚಿತವೇನಲ್ಲ. ಬೇಸಿಗೆಯಲ್ಲಿ ಮಗನ ಮನೆಗೋ ಮಗಳ ಬಾಣಂತನಕ್ಕೋ ಹೋದ ಅಪ್ಪ ಅಮ್ಮಂದಿರನ್ನು ಒಂದು ಶನಿವಾರ ಡೌನ್‌ಟೌನ್‌ಗೆ ಕರೆದುಕೊಂಡು ಹೋಗುವುದು ಅಲ್ಲಿ ವಾಡಿಕೆ. ಮುಂಬೈನಲ್ಲಿ ಹುಟ್ಟಿದ ಅನೀಶ್ ಕಪೂರ್ ಮಾಡಿದ, ಎಲ್ಲರೂ ಬೀನ್ ಎಂದು ಕರೆಯುವ ಕನ್ನಡಿಯಂಥ ಉಕ್ಕಿನ ಶಿಲ್ಪದ ಮುಂದೆ ಫೋಟೊ ಆಗುತ್ತದೆ. ಅಲ್ಲಿಂದ ರಸ್ತೆ ದಾಟಿದರೆ ಮ್ಯೂಸಿಯಂ. ಶಿಲ್ಪವಿರುವ ಉದ್ಯಾನದಿಂದಲೇ ಸಪೂರ ಸೇತುವೆಯೊಂದು ಏರುತ್ತಾ ಹೋಗಿ, ರೆಂಜೊ ಪಿಯಾನೊ ಕಟ್ಟಿದ ಹೊಸ ವಿಭಾಗದ ಮೂರನೇ ಅಂತಸ್ತಿಗೆ ತಲುಪಿಸುತ್ತದೆ. ಆ ವಿಭಾಗ ತೆರೆದದ್ದು 2009ರಲ್ಲಿ. ಆದರೆ ಮೊದಲ ಸಲ ಹೋಗುವವರು ಈ ಸೇತುವೆಯ ಆಸೆಗೆ ಬೀಳದೆ ಮಿಷಿಗನ್ ಅವೆನ್ಯೂ ಕಡೆಯ ಹಳೆಯ ಬಾಗಿಲಿಗೇ ಹೋಗುವುದು ಒಳ್ಳೆಯದು. ಅಲ್ಲಿ ಎಡ್ವರ್ಡ್ ಕೆಮೀಸ್ ಮಾಡಿದ ಎರಡು ಕಂಚಿನ ಸಿಂಹಗಳು 1894ರಿಂದ ಕಾವಲು ನಿಂತಿವೆ. ಊರಿನ ತಂಡ ದೊಡ್ಡ ಪಂದ್ಯ ಗೆದ್ದಾಗ ಅವಕ್ಕೂ ಆಟಗಾರರ ಹೆಲ್ಮೆಟ್ ಏರುತ್ತದೆ.

ಈ ಬಾಗಿಲನ್ನೇ ಹೇಳಲು ಇನ್ನೊಂದು ಕಾರಣವಿದೆ. 1893ರಲ್ಲಿ ಸರ್ವಧರ್ಮ ಸಮ್ಮೇಳನ ನಡೆದದ್ದು ಇದೇ ಕಟ್ಟಡದಲ್ಲಿ. ವಿಶ್ವ ಮೇಳದ ಸಮಾವೇಶಗಳಿಗೆಂದು ಒಳಗೆ ಎರಡು ತಾತ್ಕಾಲಿಕ ಸಭಾಂಗಣಗಳನ್ನು ಕಟ್ಟಲಾಗಿತ್ತು. ಅವುಗಳಲ್ಲೊಂದಾದ ಕೊಲಂಬಸ್ ಹಾಲ್‌ನಲ್ಲಿ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತನಾಡಿದರು. ಆ ಪ್ರಯಾಣಕ್ಕೆ ನೆರವಾದವರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರ್ ಒಬ್ಬರು. ಮರುವರ್ಷ ವಿವೇಕಾನಂದರು ಷಿಕಾಗೊದಿಂದಲೇ ಮಹಾರಾಜರಿಗೆ ಪತ್ರ ಬರೆದಿದ್ದಾರೆ. ಸಮ್ಮೇಳನ ಮುಗಿದ ಮೇಲೆ ಹಾಲ್ ಹೋಯಿತು, ಕಟ್ಟಡ ಮ್ಯೂಸಿಯಂ ಆಯಿತು. 2010ರ ಸೆಪ್ಟೆಂಬರ್ 11ರಂದು ಮುಂಬೈ ಕಲಾವಿದ ಜಿತೀಶ್ ಕಲ್ಲಾಟ್ ಆ ಭಾಷಣವನ್ನು ಪುನಃ ಅಲ್ಲಿಗೆ ತಂದರು. ಮಹಾಮೆಟ್ಟಿಲಿನ 118 ಮೆಟ್ಟಿಲುಗಳ ಎದುರುಮುಖಕ್ಕೆ ಭಾಷಣದ ಸಾಲುಗಳನ್ನು ಎಲ್‌ಇಡಿ ದೀಪಗಳಲ್ಲಿ ಜೋಡಿಸಿದರು. ದೀಪಕ್ಕೆ ಬಳಸಿದ್ದು ಹಸಿರು, ನೀಲಿ, ಹಳದಿ, ಕಿತ್ತಳೆ, ಕೆಂಪು; 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕ ಸರ್ಕಾರ ಅಪಾಯದ ಮಟ್ಟ ಸೂಚಿಸಲು ಇಟ್ಟುಕೊಂಡ ಐದು ಬಣ್ಣಗಳು. ಮತಾಂಧತೆ ಕೊನೆಯಾಗಲಿ ಎಂಬ ಮಾತನ್ನು ಭಯದ ಬಣ್ಣದಲ್ಲಿ ಓದುತ್ತಾ ಜನ ಮೆಟ್ಟಿಲು ಹತ್ತಬೇಕಿತ್ತು. ಬಣ್ಣಗಳ ಗುಟ್ಟು ಗೊತ್ತಿಲ್ಲದವರಿಗೆ ಅದು ಬರೀ ದೀಪಾಲಂಕಾರ. ಗೊತ್ತಿದ್ದವರು ಒಬ್ಬರು ಪಕ್ಕದಲ್ಲಿದ್ದರೆ ಅದೇ ಮೆಟ್ಟಿಲು ಕಾಲು ಕಟ್ಟಿಹಾಕುತ್ತಿತ್ತು.

ಮೆಟ್ಟಿಲು ಹತ್ತಿದರೆ ಎರಡನೇ ಅಂತಸ್ತಿನಲ್ಲಿ ಫ್ರೆಂಚ್ ಚಿತ್ರಕಾರರ ಕೋಣೆಗಳು. ಅವುಗಳಲ್ಲೊಂದರಲ್ಲಿ ಜಾರ್ಜ್ ಸೂರಾನ ಭಾನುವಾರ ಇದೆ. ಪ್ಯಾರಿಸ್ ಬಳಿ ಸೇನ್ ನದಿಯ ಲಾ ಗ್ರಾಂಡ್ ಜಾತ್ ದ್ವೀಪದಲ್ಲಿ ರಜೆ ಕಳೆಯುತ್ತಿರುವ ಜನರ ಚಿತ್ರ. ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ. 1884ರಲ್ಲಿ ಶುರುಮಾಡಿ ಎರಡು ವರ್ಷ ಹಿಡಿದು ಬರೆದದ್ದು. ಇಡೀ ಗೋಡೆಯನ್ನು ಆಳುವ ಈ ಕ್ಯಾನ್ವಾಸಿನ ಹತ್ತಿರ ಹೋದರೆ ಜನ ಮಾಯವಾಗುತ್ತಾರೆ. ಕಾಣುವುದು ಚುಕ್ಕಿ, ಸಣ್ಣ ಸಣ್ಣ ಗೀಟು. ಹುಲ್ಲಿನ ಹಸಿರಿನೊಳಗೆ ಕಿತ್ತಳೆ, ನೆರಳಿನೊಳಗೆ ನೀಲಿ. ಹಿಂದಕ್ಕೆ ಸರಿದಂತೆ ಕಣ್ಣೇ ಬಣ್ಣ ಕಲಸಿಕೊಂಡು ಕೊಡೆ ಹಿಡಿದ ಹೆಂಗಸನ್ನೂ ಅವಳು ಹಗ್ಗ ಕಟ್ಟಿ ಹಿಡಿದ ಕೋತಿಯನ್ನೂ ಎದುರಿಗೆ ತಂದು ನಿಲ್ಲಿಸುತ್ತದೆ. ಹುಲ್ಲಿನ ಮೇಲೆ ಅಲ್ಲಲ್ಲಿ ಮಣ್ಣುಕಂದು ಚುಕ್ಕಿಗಳಿವೆ. ಅವು ಹಾಗಿರಬೇಕಾದವಲ್ಲ. ಸೂರಾ ಬಿಸಿಲಿನ ಹೊಳಪಿಗೆಂದು ಹಚ್ಚಿದ ಸತುವಿನ ಹಳದಿ ಬಣ್ಣ ಅವನು ಬದುಕಿದ್ದಾಗಲೇ ಕಂದಿಹೋಯಿತು. ಹೊಸದರಲ್ಲಿ ಆ ಭಾನುವಾರಕ್ಕೆ ಇನ್ನಷ್ಟು ಬಿಸಿಲಿತ್ತು.

ಇಷ್ಟು ದೊಡ್ಡ ಚಿತ್ರದಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಕ್ಕಕ್ಕೆ ತಿರುಗಿಯೋ ನದಿ ನೋಡುತ್ತಲೋ ಇದ್ದಾರೆ. ನಟ್ಟನಡುವೆ ಬಿಳಿ ಫ್ರಾಕಿನ ಪುಟ್ಟ ಹುಡುಗಿಯೊಬ್ಬಳು ಮಾತ್ರ ನೇರವಾಗಿ ನಮ್ಮ ಕಡೆ ಮುಖ ಮಾಡಿ ನಿಂತಿದ್ದಾಳೆ. 1986ರ ‘ಫೆರಿಸ್ ಬ್ಯೂಲರ್ಸ್ ಡೇ ಆಫ್’ ಸಿನಿಮಾದಲ್ಲಿ ಶಾಲೆಗೆ ಚಕ್ಕರ್ ಹೊಡೆದ ಹುಡುಗನೊಬ್ಬ ಇದೇ ಮಗುವನ್ನು ದಿಟ್ಟಿಸುತ್ತಾ ನಿಲ್ಲುತ್ತಾನೆ. ಕ್ಯಾಮೆರಾ ಅವಳ ಮುಖಕ್ಕೆ ಹತ್ತಿರ ಹೋಗುತ್ತಾ ಹೋಗುತ್ತಾ ಬರೀ ಚುಕ್ಕಿಗಳಷ್ಟೇ ಉಳಿಯುತ್ತವೆ. ಚಿತ್ರವನ್ನು ನೋಡಬೇಕಾದರೆ ಷಿಕಾಗೊಗೇ ಹೋಗಬೇಕು. 1958ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂಗೆ ಎರವಲು ಹೋಗಿದ್ದಾಗ ಅಲ್ಲಿ ಬೆಂಕಿ ಬಿತ್ತು. ಚಿತ್ರಕ್ಕೆ ಏನೂ ಆಗಲಿಲ್ಲ. ಆದರೆ ಆಮೇಲೆ ಅದನ್ನು ಊರು ಬಿಟ್ಟು ಕಳಿಸಿಲ್ಲ.

ಇಂಥ ಚಿತ್ರದ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆ? ಇದನ್ನು ಅಳೆದವರಿದ್ದಾರೆ, ಅದೂ ಇದೇ ಮ್ಯೂಸಿಯಂನಲ್ಲಿ. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹೆಸರಾಂತ ಕೃತಿಗಳ ಮುಂದೆ ಸಂದರ್ಶಕರು ಕಳೆದ ಸರಾಸರಿ ಸಮಯ ಸುಮಾರು 28 ಸೆಕೆಂಡು. ಅರ್ಧದಷ್ಟು ಸಲ ಅದು 21 ಸೆಕೆಂಡು ದಾಟಿರಲಿಲ್ಲ. ಪಕ್ಕದ ಫಲಕ ಓದುವುದೂ ಇದರೊಳಗೇ. ಅದೇ ಸಂಶೋಧಕರು 2001ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಲೆಕ್ಕ ಪ್ರಕಟಿಸಿದಾಗಲೂ ಹೆಚ್ಚುಕಡಿಮೆ ಇಷ್ಟೇ ಸಿಕ್ಕಿತ್ತು. ನಡುವೆ ಬಂದ ಒಂದೇ ಹೊಸತು ಸೆಲ್ಫಿ.

ಡೋಸೆಂಟ್ ಮಾಡುತ್ತಿದ್ದ ಮುಖ್ಯ ಕೆಲಸ ಈ ಇಪ್ಪತ್ತೆಂಟು ಸೆಕೆಂಡನ್ನು ಹದಿನೈದು ನಿಮಿಷಕ್ಕೆ ಎಳೆಯುವುದು. ಹಳೆಯ ಕಾಲದ ಗೈಡು ಇಸವಿ, ಹೆಸರು ಒಪ್ಪಿಸಿ ಮುಂದಕ್ಕೆ ನಡೆಯುತ್ತಿದ್ದ. ಬೇಲೂರಿನಲ್ಲಿ ಈಗಲೂ ಅಂಥ ಕಂಠಪಾಠ ಕೇಳಬಹುದು. ಅದಕ್ಕೂ ಅದರದೇ ಲಯವಿದೆ ಅನ್ನಿ. ಅಮೆರಿಕದ ಮ್ಯೂಸಿಯಂಗಳಲ್ಲಿ ಕೆಲವು ದಶಕಗಳಿಂದ ಪ್ರಶ್ನೆ ಕೇಳುವ ಕ್ರಮ ಬಂದಿದೆ. ಮನೋವಿಜ್ಞಾನಿ ಅಬಿಗೇಲ್ ಹೌಸನ್ ಮತ್ತು ಮ್ಯೂಸಿಯಂ ಶಿಕ್ಷಕ ಫಿಲಿಪ್ ಯೆನವೈನ್ ರೂಪಿಸಿದ ವಿಧಾನದಲ್ಲಿ ಮುಖ್ಯ ಪ್ರಶ್ನೆಗಳು ಮೂರೇ. ಈ ಚಿತ್ರದಲ್ಲಿ ಏನು ನಡೀತಾ ಇದೆ? ಹಾಗಂತ ಹೇಳೋಕೆ ನಿನಗೆ ಏನು ಕಾಣಿಸ್ತು? ಇನ್ನೂ ಏನೇನು ಸಿಗುತ್ತೆ ನೋಡೋಣ? ಮಕ್ಕಳನ್ನು ನೆಲದ ಮೇಲೆ ಕೂರಿಸಿ, ಇಸವಿಯನ್ನು ನುಂಗಿಕೊಂಡು, ಅವರ ಬಾಯಿಂದಲೇ ಕೋತಿಯನ್ನು ಹೊರಡಿಸುವುದಕ್ಕೆ ವಿಷಯಜ್ಞಾನಕ್ಕಿಂತ ಹೆಚ್ಚಾಗಿ ಬೇಕಾದದ್ದು ತಾಳ್ಮೆ. ಗೊತ್ತಿದ್ದನ್ನು ಹೇಳದೆ ಸುಮ್ಮನಿರುವುದು ಓದಿಕೊಂಡವರಿಗೆ ಸುಲಭವಲ್ಲ.

ಹಾಗಾದರೆ ಇಷ್ಟು ಪಳಗಿದವರನ್ನು ಮ್ಯೂಸಿಯಂ ಯಾಕೆ ಕಳಿಸಿತು? ಷಿಕಾಗೊದ ಜನಸಂಖ್ಯೆಯಲ್ಲಿ ಬಿಳಿಯರು, ಕರಿಯರು, ಲ್ಯಾಟಿನೊ ಮೂಲದವರು ಹೆಚ್ಚುಕಡಿಮೆ ತಲಾ ಮೂರರಲ್ಲೊಂದು ಪಾಲು ಇದ್ದಾರೆ. ಶಾಲಾ ಬಸ್ಸಿನಿಂದ ಇಳಿಯುವ ಮಕ್ಕಳಲ್ಲಿ ಕರಿಯರು, ಲ್ಯಾಟಿನೊಗಳೇ ಜಾಸ್ತಿ. ಅವರನ್ನು ಎದುರುಗೊಳ್ಳುತ್ತಿದ್ದವರಲ್ಲಿ ಬಹುಪಾಲು ಬಿಳಿಯ, ಅನುಕೂಲಸ್ಥ, ನಿವೃತ್ತ ಹೆಂಗಸರು. ಇದು ಯಾರದೋ ಕುತಂತ್ರವಲ್ಲ, ಲೆಕ್ಕಾಚಾರ ಅಷ್ಟೆ. ಹದಿನೆಂಟು ತಿಂಗಳು ವಾರಕ್ಕೆರಡು ದಿನ ಹಗಲು ಹೊತ್ತು ಪುಕ್ಕಟೆ ಬಂದು ಕೂರಲು ಯಾರಿಂದ ಸಾಧ್ಯ? ಎರಡು ಕೆಲಸ ಮಾಡಿ ಮನೆ ಬಾಡಿಗೆ ಕಟ್ಟುವ ಯುವತಿಯಿಂದಂತೂ ಆಗದು. ಸಂಬಳವಿಲ್ಲದ ಕೆಲಸವೆಂದರೆ ಎಲ್ಲರಿಗೂ ಬಾಗಿಲು ತೆರೆದಿದೆ ಎಂದು ಕಾಣುತ್ತದೆ. ಒಳಗೆ ಬರುವುದು ಮಾತ್ರ ಬಿಡುವಿದ್ದವರು. ಮ್ಯೂಸಿಯಂ ಹಲವು ವರ್ಷಗಳಿಂದ ಹೊಸ ಡೋಸೆಂಟುಗಳನ್ನು ಸೇರಿಸಿಕೊಂಡೂ ಇರಲಿಲ್ಲ. ಕೋವಿಡ್‌ನಲ್ಲಿ ಶಾಲಾ ಭೇಟಿಗಳು ನಿಂತವು. ನಿಂತದ್ದನ್ನು ಹಾಗೆಯೇ ಮುಂದುವರಿಸುವ ಬದಲು, ಗಂಟೆಗೆ ಇಷ್ಟು ಎಂದು ಕೂಲಿ ಕೊಟ್ಟು ಅರೆಕಾಲಿಕ ಶಿಕ್ಷಕರನ್ನು ಇಟ್ಟುಕೊಳ್ಳುವುದೆಂದು ಆಡಳಿತ ತೀರ್ಮಾನಿಸಿತು.

ರೋಗ ಗುರುತಿಸಿದ್ದರಲ್ಲಿ ಮ್ಯೂಸಿಯಂ ತಪ್ಪಿಲ್ಲ. ಚಿಕಿತ್ಸೆಯ ರೀತಿಯಲ್ಲಿ ಇದೆ. ಅರವತ್ತು ವರ್ಷದ ವ್ಯವಸ್ಥೆಯನ್ನು ಒಂದು ಪತ್ರದಲ್ಲಿ ಮುಗಿಸುವ ಬದಲು ಹಳಬರನ್ನು ಉಳಿಸಿಕೊಂಡು, ಬಸ್ ಚಾರ್ಜು, ಊಟದ ಖರ್ಚು, ಸಣ್ಣ ಗೌರವಧನ ಕೊಟ್ಟು ಹೊಸಬರನ್ನು ಅವರ ಜೊತೆಗೇ ಪಳಗಿಸಬಹುದಿತ್ತು ಎಂದು ಆಗಲೇ ಹಲವರು ಹೇಳಿದರು. ಹಳಬರ ತಲೆಯೊಳಗಿದ್ದ ಹದಿನೈದು ವರ್ಷದ ಅನುಭವ ಯಾವ ಕಡತದಲ್ಲೂ ಇರಲಿಲ್ಲ. ಅದೇ ವೇಳೆಗೆ ಸಂಬಳ ಪಡೆಯುವ ನೌಕರರೇನೂ ಸುಖವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 2022ರ ಜನವರಿಯಲ್ಲಿ ಮ್ಯೂಸಿಯಂ ಸಿಬ್ಬಂದಿ ಮತ ಹಾಕಿ ಕಾರ್ಮಿಕ ಸಂಘ ಕಟ್ಟಿಕೊಂಡರು. ಪುಕ್ಕಟೆ ದುಡಿಯುವವರು ಇನ್ನೂ ದುಡಿಯುತ್ತೇವೆ ಎನ್ನುತ್ತಿದ್ದರೆ, ಕೂಲಿಗೆ ದುಡಿಯುವವರು ಇಷ್ಟಕ್ಕೆ ಬದುಕಲಾಗದು ಎನ್ನುತ್ತಿದ್ದರು. ಒಂದೇ ಸೂರಿನಡಿ ಎರಡು ದೂರು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಈ ದಾರಿ ಹಿಡಿಯಲಿಲ್ಲ. ಅಲ್ಲಿ ಸ್ವಯಂಸೇವಕರು ಮಾಹಿತಿ ಕಟ್ಟೆಯಲ್ಲಿ ಕೂರುತ್ತಾರೆ, ಗುಂಪುಗಳನ್ನು ಸುತ್ತಾಡಿಸುತ್ತಾರೆ. ಆದರೆ ದೊಡ್ಡ ಮ್ಯೂಸಿಯಂನಲ್ಲಿ ದಿನವಿಡೀ ಚಿತ್ರದ ಜೊತೆಗಿರುವವರು ಕಾವಲುಗಾರರು. ಅವರನ್ನು ಯಾರೂ ಏನೂ ಕೇಳುವುದಿಲ್ಲ, ಶೌಚಾಲಯ ಎಲ್ಲಿ ಎಂಬುದೊಂದನ್ನು ಬಿಟ್ಟು. ಪ್ಯಾಟ್ರಿಕ್ ಬ್ರಿಂಗ್ಲಿ ಎಂಬಾತ ಅಣ್ಣ ತೀರಿಕೊಂಡ ದುಃಖದಲ್ಲಿ ಪತ್ರಿಕೆಯ ಕೆಲಸ ಬಿಟ್ಟು ಮೆಟ್ರೊಪಾಲಿಟನ್‌ನಲ್ಲಿ ಹತ್ತು ವರ್ಷ ಕಾವಲುಗಾರನಾಗಿದ್ದವರು. 2023ರಲ್ಲಿ ಅದರ ಬಗ್ಗೆ ಅವರು ಬರೆದ ‘ಆಲ್ ದ ಬ್ಯೂಟಿ ಇನ್ ದ ವರ್ಲ್ಡ್’ ಪುಸ್ತಕ ಬಂತು. ಎಂಟು ಗಂಟೆ, ಹನ್ನೆರಡು ಗಂಟೆ ನಿಲ್ಲುವ ಕೆಲಸ ಅದು. ಅಮೃತಶಿಲೆಯ ನೆಲಕ್ಕಿಂತ ಮರದ ನೆಲವಿರುವ ಗ್ಯಾಲರಿಯಲ್ಲಿ ಪಾಳಿ ಸಿಕ್ಕರೆ ಕಾವಲುಗಾರರಿಗೆ ಅದೇ ದೊಡ್ಡ ಖುಷಿ. ಸಾಕ್ಸಿಗೆಂದೇ ಮ್ಯೂಸಿಯಂ ಅವರಿಗೆ ಭತ್ಯೆ ಕೊಡುತ್ತದೆ. ಗಿಲ್ಮನ್ ಬದುಕಿದ್ದರೆ ಇವರ ಫೋಟೊವನ್ನೂ ತೆಗೆಸುತ್ತಿದ್ದರೇನೋ.

ಗಿಲ್ಮನ್ ಹೇಳಿದ ಆಯಾಸ ನಿಜವಾದದ್ದರಿಂದ ಷಿಕಾಗೊಗೆ ಹೋಗುವವರಿಗೆ ಒಂದು ಮಾತು: ಎಲ್ಲವನ್ನೂ ನೋಡಲು ಹೋಗಬೇಡಿ. ಸುಮಾರು ಮೂರು ಲಕ್ಷ ಕೃತಿಗಳಿರುವ ಸಂಗ್ರಹ ಅದು. ಗೋಡೆಯ ಮೇಲಿರುವುದು ಅದರಲ್ಲಿ ಸಣ್ಣ ಪಾಲು. ಅದೇ ಒಂದು ದಿನಕ್ಕೆ ಮೀರುತ್ತದೆ. ಹುಲ್ಲೆತ್ತುವ ಫೋರ್ಕು ಹಿಡಿದ ರೈತ ಮತ್ತು ಪಕ್ಕದಲ್ಲಿ ಬಿಗುಮುಖದ ಹೆಂಗಸು ನಿಂತಿರುವ ಗ್ರಾಂಟ್ ವುಡ್‌ನ ‘ಅಮೆರಿಕನ್ ಗಾಥಿಕ್’ ಚಿತ್ರವನ್ನು ಜಗತ್ತಿನ ಅರ್ಧ ಜಾಹೀರಾತುಗಳು ಅಣಕಿಸಿವೆ. 1930ರಲ್ಲಿ ಮ್ಯೂಸಿಯಂಗಾಗಿ ಅದನ್ನು ಕೊಂಡದ್ದು 300 ಡಾಲರಿಗೆ. ಆ ರೈತ ನಿಜದಲ್ಲಿ ವುಡ್‌ನ ದಂತವೈದ್ಯ, ಹೆಂಗಸು ವುಡ್‌ನ ತಂಗಿ. ಎಡ್ವರ್ಡ್ ಹಾಪರ್‌ನ ‘ನೈಟ್‌ಹಾಕ್ಸ್’ ಬಣ್ಣ ಒಣಗಿ ಕೆಲವೇ ತಿಂಗಳಲ್ಲಿ, 1942ರಲ್ಲಿ, 3000 ಡಾಲರಿಗೆ ಬಂತು. ಇವೆರಡು, ಸೂರಾ ಒಂದು, ಮೋನೆಯ ಹುಲ್ಲಿನ ಬಣವೆಗಳು. ಅಷ್ಟಾದ ಮೇಲೆ ಚಿತ್ರ ಸಾಕು ಮಾಡಿ ಕೆಳಗಿನ ಅಂತಸ್ತಿಗೆ ಇಳಿಯುವುದು ಮೇಲು.

ಕೆಳಗೆ ಥಾರ್ನ್ ಕೋಣೆಗಳಿವೆ. ಕಲಾವಿಮರ್ಶಕರು ಇವುಗಳ ಬಗ್ಗೆ ಅಷ್ಟಾಗಿ ಬರೆಯುವುದಿಲ್ಲ, ಮಕ್ಕಳು ಇಲ್ಲಿಂದ ಕದಲುವುದಿಲ್ಲ. ನಾರ್ಸಿಸಾ ನಿಬ್ಲಾಕ್ ಥಾರ್ನ್ ಎಂಬಾಕೆ 1930ರ ದಶಕದಲ್ಲಿ, ಆರ್ಥಿಕ ಕುಸಿತದಿಂದ ಕೆಲಸವಿಲ್ಲದೆ ಕೂತಿದ್ದ ಕುಶಲಕರ್ಮಿಗಳನ್ನು ಸೇರಿಸಿ ಮಾಡಿಸಿದ 68 ಪುಟಾಣಿ ಕೋಣೆಗಳು. ಒಂದಡಿಗೆ ಒಂದಂಗುಲ ಲೆಕ್ಕ. ಗೋಡೆಯೊಳಗೆ ಕೂರಿಸಿದ ಗಾಜಿನ ಕಿಟಕಿಗೆ ಮುಖ ಒತ್ತಿದರೆ ಒಳಗೆ ಫ್ರಾನ್ಸಿನ ಅರಮನೆಯ ಪಡಸಾಲೆ, ಅಮೆರಿಕದ ಹಳ್ಳಿಯ ಅಡುಗೆಮನೆ. ದಸರಾ ಗೊಂಬೆ ಕೂರಿಸುವ ಮನೆಯವರಿಗೆ ಇದರ ಹುಚ್ಚು ವಿವರಿಸಬೇಕಿಲ್ಲ. ಒಂದು ವ್ಯತ್ಯಾಸ: ಇಲ್ಲಿ ಗೊಂಬೆಗಳೇ ಇಲ್ಲ. ಮೇಜಿನ ಮೇಲೆ ಉಗುರಿನಷ್ಟು ಪುಸ್ತಕ, ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೆ ಬಿದ್ದ ಬಿಸಿಲು, ಕಿಟಕಿಯಾಚೆ ತೋಟ. ಮನುಷ್ಯರು ಈಗಷ್ಟೇ ಎದ್ದು ಹೋದಂತೆ.

ಆಮೇಲೆ ಉಳಿಯುವುದು ನಮ್ಮವರ ವಿಭಾಗ. ಮ್ಯೂಸಿಯಂ ಕೆಳಗೆ ರೈಲು ಹಳಿ ಹಾದುಹೋಗುತ್ತದೆ. ಹಳೆಯ ಕಟ್ಟಡ ಹಿಂದಕ್ಕೆ ಬೆಳೆಯಬೇಕಾದಾಗ ಹಳಿಗಳ ಮೇಲೆಯೇ ಸೇತುವೆಯಂತೆ ಹಜಾರ ಕಟ್ಟಿದರು. ಭಾರತ, ಆಗ್ನೇಯ ಏಷ್ಯಾ, ಹಿಮಾಲಯದ ಶಿಲ್ಪಗಳು ಕೂತಿರುವುದು ಈ ಹಜಾರದ ಆಲ್ಸ್‌ಡಾರ್ಫ್ ಗ್ಯಾಲರಿಯಲ್ಲಿ. ನಾಗಪಟ್ಟಣದ ಹನ್ನೆರಡನೇ ಶತಮಾನದ ಕರಿಗಲ್ಲಿನ ಬುದ್ಧ ಇಲ್ಲಿದ್ದಾನೆ. ಕುಳಿತ ಭಂಗಿಯಲ್ಲೇ ಮನುಷ್ಯನೆತ್ತರ, ಮುಚ್ಚಿದ ಕಣ್ಣು, ಮಡಿಲಲ್ಲಿ ಕೈ. ಚೋಳರ ಕಾಲದಲ್ಲಿ ತಮಿಳುನಾಡಿನ ಕರಾವಳಿಯಲ್ಲಿ ಬೌದ್ಧರಿದ್ದರು ಎಂಬುದೇ ನಮ್ಮಲ್ಲಿ ಅನೇಕರಿಗೆ ಹೊಸ ವಿಷಯ. ಸೊಂಟದ ಬೆಲ್ಟಿನಲ್ಲಿ ವಾಕಿಟಾಕಿ ಸಿಕ್ಕಿಸಿಕೊಂಡ ಕಾವಲುಗಾರರ ನಡುವೆಯೂ ಇಲ್ಲಿ ಕೆಲವರು ಅರಿವಿಲ್ಲದೆ ಕೈ ಮುಗಿಯುತ್ತಾರೆ.

ಮಕ್ಕಳ ಗುಂಪಿನಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ ಇಲ್ಲಿ ತಪ್ಪಿದ್ದಲ್ಲ: ಇದು ಇಲ್ಲಿಗೆ ಹೇಗೆ ಬಂತು? ಯಾರು ಕೊಟ್ಟರು? ಫಲಕದ ಕೊನೆಯ ಸಾಲಿನಲ್ಲಿ ದಾನಿಗಳ ಹೆಸರಿರುತ್ತದೆ, ಅದರ ಹಿಂದಿನ ಕತೆ ಇರುವುದಿಲ್ಲ. ಗ್ಯಾಲರಿಗೆ ಹೆಸರು ಕೊಟ್ಟ ಆಲ್ಸ್‌ಡಾರ್ಫ್ ದಂಪತಿಯ ಸಂಗ್ರಹದ ಬಗ್ಗೆ 2023ರಲ್ಲಿ ಪತ್ರಕರ್ತರು ತನಿಖೆ ನಡೆಸಿ, ಅದರಲ್ಲಿ ನೇಪಾಳದಿಂದ ಕಳುವಾದವು ಇವೆ ಎಂದು ಬರೆದರು. 2025ರ ಮಾರ್ಚ್‌ನಲ್ಲಿ ಮ್ಯೂಸಿಯಂ ಹನ್ನೆರಡನೇ ಶತಮಾನದ ಒಂದು ಶಿಲ್ಪವನ್ನು ನೇಪಾಳಕ್ಕೆ ಹಿಂದಿರುಗಿಸಿತು. ಮುಚಲಿಂದ ನಾಗರಾಜನ ಹೆಡೆಯ ನೆರಳಲ್ಲಿ ಕುಳಿತ ಬುದ್ಧ. ಕಠ್ಮಂಡು ಕಣಿವೆಯ ಬೌದ್ಧ ವಿಹಾರವೊಂದರಿಂದ ಕದ್ದದ್ದೆಂದು ಮ್ಯೂಸಿಯಂನವರೇ ಒಪ್ಪಿಕೊಂಡಿದ್ದರು. ಇದನ್ನು ಹತ್ತು ವರ್ಷದ ಮಕ್ಕಳಿಗೆ, ದಾನ ಕೊಟ್ಟವರ ಹೆಸರು ಬರೆದ ಗೋಡೆಯ ಪಕ್ಕದಲ್ಲೇ ನಿಂತು, ಹೇಳುವ ಹೊಣೆ ಈಗ ಗಂಟೆಯ ಕೂಲಿಗೆ ಬಂದ ಹೊಸ ಶಿಕ್ಷಕರದು. ಹಳೆಯ ಡೋಸೆಂಟುಗಳಾಗಿದ್ದರೆ ಹೇಳುತ್ತಿದ್ದರೇ? ಸಂಬಳವಿಲ್ಲದವರಿಗೆ ಮ್ಯೂಸಿಯಂ ಹಂಗು ಕಡಿಮೆ, ಆದ್ದರಿಂದ ಹೇಳುತ್ತಿದ್ದರು ಎಂದು ಒಂದು ವಾದ. ದಾನಿಗಳೂ ಅವರೂ ಒಂದೇ ಓಣಿಯವರು, ಅಲ್ಲಿ ಬಾಯಿ ಬಿಡುತ್ತಿರಲಿಲ್ಲ ಎಂದು ಇನ್ನೊಂದು.